ಲೈವ್ ಪ್ರದರ್ಶನವನ್ನು ದಾಖಲಿಸುವುದು ಹೇಗೆ? ತಾಲೀಮಿನಿಂದ ಹಾರ್ಡ್ ಡಿಸ್ಕ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹತ್ತು ವರ್ಷದ ಹಿಂದಿನ ನಾಟಕವೊಂದನ್ನು ಮತ್ತೆ ರಂಗಕ್ಕೆ ತರಬೇಕು ಅಂದುಕೊಳ್ಳಿ. ಹಳೇ ವಿಡಿಯೋ ಸಿಗುತ್ತದೆ. ಎಲ್ಲರೂ ಖುಷಿಯಿಂದ ಕೂತು ನೋಡುತ್ತಾರೆ. ಮೂರನೇ ದೃಶ್ಯದಲ್ಲಿ ನಾಯಕಿ ಅಳುತ್ತಿದ್ದಾಳೆ, ಕ್ಯಾಮೆರಾ ಅವಳ ಮುಖದ ಮೇಲಿದೆ. ಚೆನ್ನಾಗಿದೆ. ಆದರೆ ಆ ಹೊತ್ತಿಗೆ ಉಳಿದ ಆರು ಜನ ಎಲ್ಲಿ ನಿಂತಿದ್ದರು? ಹಿಂದಿನ ಬಾಗಿಲು ಯಾವಾಗ ತೆರೆಯಿತು? ಬೆಳಕು ನಿಧಾನವಾಗಿ ಇಳಿಯಿತೋ, ಒಮ್ಮೆಲೇ ಆರಿತೋ? ವಿಡಿಯೋ ಇದ್ಯಾವುದನ್ನೂ ಹೇಳುವುದಿಲ್ಲ.

ಲೈವ್ ಪ್ರದರ್ಶನದ ದಾಖಲೆ ಅಂದರೆ ಚೆಂದದ ವಿಡಿಯೋ ಅಂದುಕೊಂಡವರೇ ಜಾಸ್ತಿ. ನನ್ನ ಪ್ರಕಾರ ಕತ್ತರಿ ಹಾಕದ ಒಂದು ವೈಡ್ ಶಾಟ್ (ಇಡೀ ರಂಗ ಕಾಣುವ ಚಿತ್ರ), ಶುದ್ಧವಾದ ಧ್ವನಿ, ಜೊತೆಗೆ ನೆಟ್ಟಗೆ ಬರೆದಿಟ್ಟ ನಾಲ್ಕು ಪುಟ ಟಿಪ್ಪಣಿ, ಇಷ್ಟಿದ್ದರೆ ಅದು ಐದು ಕ್ಯಾಮೆರಾದ ಮಿರುಗುವ ಎಡಿಟ್‌ಗಿಂತ ಎಷ್ಟೋ ಮೇಲು. ಎರಡೂ ಇದ್ದರೆ ಇನ್ನೂ ಒಳ್ಳೆಯದು. ಆದರೆ ಒಂದನ್ನೇ ಮಾಡುವಷ್ಟು ಶಕ್ತಿ, ಸಮಯ ಇದ್ದರೆ ಮೊದಲನೆಯದನ್ನೇ ಮಾಡಿ. ಈ ಬರಹ ನಾಟಕ, ನೃತ್ಯ, ಸಂಗೀತ, ಪರ್ಫಾರ್ಮೆನ್ಸ್ ಆರ್ಟ್ ಎಲ್ಲಕ್ಕೂ ಹೊಂದುತ್ತದೆ.

ಹಂತ 1: ಯಾರಿಗಾಗಿ ಈ ದಾಖಲೆ?

ಕ್ಯಾಮೆರಾ ಮುಟ್ಟುವ ಮೊದಲೇ ಇದನ್ನು ತೀರ್ಮಾನ ಮಾಡಿ. ಪ್ರಚಾರಕ್ಕೆ ಬೇಕಾದ್ದು ಎರಡು ನಿಮಿಷದ ತುಣುಕು. ಅದರಲ್ಲಿ ಕ್ಲೋಸಪ್ ಬೇಕು, ವೇಗ ಬೇಕು. ಮುಂದೆ ಇದೇ ಕೃತಿಯನ್ನು ಮತ್ತೆ ಕಟ್ಟುವವರಿಗೆ ಇಡೀ ರಂಗ, ಇಡೀ ಅವಧಿ, ಒಂದೇ ಕೋನದಿಂದ ಬೇಕು. ಅಧ್ಯಯನ ಮಾಡುವವರಿಗೆ ತಾಲೀಮಿನ ಜಗಳಗಳೂ, ಕೈಬಿಟ್ಟ ದೃಶ್ಯಗಳೂ ಬೇಕು. ಮನೆಯಲ್ಲಿ ಕೂತು ನೋಡುವ ಪ್ರೇಕ್ಷಕರಿಗೆ ಸಿನಿಮಾದ ಹಾಗೆ ಕಟ್ಟಿದ್ದು ಬೇಕು. ಈ ನಾಲ್ಕನ್ನೂ ಒಂದೇ ಫೈಲ್‌ನಲ್ಲಿ ತುಂಬಲು ಹೋದರೆ ಯಾವುದೂ ಸರಿಯಾಗುವುದಿಲ್ಲ.

ಅಷ್ಟಕ್ಕೂ ದಾಖಲೆ ಪ್ರದರ್ಶನದ ನಕಲೇ ಆಗಬೇಕೆಂದೇನೂ ಇಲ್ಲ. ತೆಹ್‌ಚಿಂಗ್ ಶೇ ಎಂಬ ಕಲಾವಿದ 1980ರ ಏಪ್ರಿಲ್‌ನಿಂದ 1981ರ ಏಪ್ರಿಲ್‌ವರೆಗೆ, ಒಂದು ವರ್ಷ ಪೂರ್ತಿ, ಹಗಲೂ ರಾತ್ರಿ ಗಂಟೆಗೊಮ್ಮೆ ಹಾಜರಿ ಗಡಿಯಾರಕ್ಕೆ ಕಾರ್ಡ್ ಒತ್ತಿದ. ಪ್ರತಿ ಸಲ ಒತ್ತಿದಾಗಲೂ ಒಂದೇ ಒಂದು ಫಿಲ್ಮ್ ಫ್ರೇಮ್. ಶುರುವಿನಲ್ಲಿ ತಲೆ ಬೋಳಿಸಿಕೊಂಡಿದ್ದ. ಹಾಗಾಗಿ ಸುಮಾರು ಆರು ನಿಮಿಷದ ಆ ಫಿಲ್ಮ್‌ನಲ್ಲಿ ಕೂದಲು ಬೆಳೆಯುವುದೇ ಕಾಲ ಸರಿಯುವುದರ ಲೆಕ್ಕ. ತಪ್ಪಿಹೋದ 133 ಸಲದ ಪಟ್ಟಿಯನ್ನೂ ಇಟ್ಟ: ನಿದ್ದೆ ಹೋಗಿ ತಪ್ಪಿದ್ದು ಎಷ್ಟು, ತಡವಾಗಿದ್ದು ಎಷ್ಟು, ಮೊದಲೇ ಒತ್ತಿದ್ದು ಎಷ್ಟು ಅಂತ. ಒಂದು ವರ್ಷದ ವಿಡಿಯೋ ಇದ್ದಿದ್ದರೂ ಅದನ್ನು ಯಾರು ನೋಡುತ್ತಿದ್ದರು? ಆ ಕೃತಿಗೆ ಹೊಂದುವ ದಾಖಲೆಯ ವಿಧಾನವನ್ನು ಅವನೇ ಮೊದಲು ಯೋಚಿಸಿ ಇಟ್ಟಿದ್ದ. ನಿಮ್ಮ ಮುಂದಿರುವ ಪ್ರದರ್ಶನಕ್ಕೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಕಳೆದುಹೋಗಬಾರದ್ದು ಯಾವುದು? ಹೆಜ್ಜೆಯೇ? ಮಾತೇ? ಜನ ಸೇರಿದ ರೀತಿಯೇ?

ಹಂತ 2: ಒಪ್ಪಿಗೆ

ಇದನ್ನು ಕೊನೆಗೆ ಇಟ್ಟುಕೊಂಡರೆ ಚೆನ್ನಾಗಿ ಬಂದ ರೆಕಾರ್ಡಿಂಗ್ ಕೂಡ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕಲಾವಿದರು, ನಾಟಕಕಾರರು, ಸಂಗೀತ ಮಾಡಿದವರು, ವಿನ್ಯಾಸಕರು ಎಲ್ಲರ ಒಪ್ಪಿಗೆ ಬರಹದಲ್ಲಿ ಬೇಕು. ಪ್ರದರ್ಶನದಲ್ಲಿ ಬೇರೆಯವರ ಹಾಡು ಬಳಸಿದ್ದರೆ, ಅದನ್ನು ರಂಗದಲ್ಲಿ ನುಡಿಸಲು ಸಿಕ್ಕ ಅನುಮತಿ ರೆಕಾರ್ಡ್ ಮಾಡಿ ಹಂಚುವುದಕ್ಕೂ ಸಾಕು ಅಂತ ತಿಳಿಯಬೇಡಿ. ಅವೆರಡೂ ಬೇರೆ ಬೇರೆ ಹಕ್ಕು. ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ವಿಡಿಯೋ ಮೇಲೆ ಹಕ್ಕಿದೆ ಎಂದು ಸಾರುವ ಅಂತಾರಾಷ್ಟ್ರೀಯ ಬೀಜಿಂಗ್ ಒಪ್ಪಂದ 2012ರಲ್ಲಿ ಆಯಿತು, 2020ರಲ್ಲಿ ಜಾರಿಗೆ ಬಂತು. ಎಲ್ಲ ದೇಶಗಳೂ ಅದರಲ್ಲಿ ಇಲ್ಲ. ಆದ್ದರಿಂದ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಅಂತ ವಿಚಾರಿಸಿಕೊಳ್ಳಿ.

ಒಪ್ಪಿಗೆ ಪತ್ರದಲ್ಲಿ "ಎಲ್ಲಾ ಉದ್ದೇಶಗಳಿಗೂ" ಅಂತ ಒಂದೇ ಸಾಲು ಬರೆದು ಸಹಿ ಹಾಕಿಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಬಿಡಿಸಿ ಕೇಳಿ: ತಂಡದ ಒಳಗೆ ಮಾತ್ರ ನೋಡಬಹುದೇ? ಗ್ರಂಥಾಲಯದಲ್ಲಿ ಕೂತು ನೋಡಬಹುದೇ? ತರಗತಿಯಲ್ಲಿ ತೋರಿಸಬಹುದೇ? ಇಂಟರ್ನೆಟ್‌ಗೆ ಹಾಕಬಹುದೇ? ಹೀಗೆ ಕೇಳಿದರೆ ಇಂಟರ್ನೆಟ್ ಬೇಡ ಅನ್ನುವವರೂ ಸಂಗ್ರಹಕ್ಕೆ ಒಪ್ಪುತ್ತಾರೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಬೆಟ್ಟಿ ಕಾರ್ವಿನ್ 1970ರಲ್ಲಿ ಶುರು ಮಾಡಿದ ರಂಗಭೂಮಿ ವಿಡಿಯೋ ಸಂಗ್ರಹ ಇಷ್ಟು ವರ್ಷ ನಡೆದುಕೊಂಡು ಬಂದಿರುವುದು ಇಂಥ ಒಪ್ಪಂದಗಳ ಮೇಲೆಯೇ. ಅಲ್ಲಿಗೆ ಹೋಗಿ ಕೂತು ನೋಡಬಹುದು, ಮನೆಗೆ ಒಯ್ಯಲು ಪ್ರತಿ ಕೊಡುವುದಿಲ್ಲ.

ಕೆಲವರು ದಾಖಲೆಯೇ ಬೇಡ ಅನ್ನುತ್ತಾರೆ. ಟೀನೋ ಸೆಹ್‌ಗಲ್ ಎಂಬ ಕಲಾವಿದ ತನ್ನ ಕೃತಿಗಳ ಫೋಟೋ, ವಿಡಿಯೋ ಯಾವುದಕ್ಕೂ ಒಪ್ಪುವುದಿಲ್ಲ. ಮಾರಾಟದ ಕರಾರು ಕೂಡ ಬಾಯಿಮಾತಿನದು. ಬೇಡ ಅಂದರೆ ಬೇಡ. ಕದ್ದು ತೆಗೆದಿದ್ದಕ್ಕೆ ದಾಖಲೆ ಅಂತ ಹೆಸರಿಡಬಾರದು. ಪ್ರೇಕ್ಷಕರ ಮುಖ ಕಾಣುವ ಹಾಗಿದ್ದರೆ ಬಾಗಿಲಲ್ಲಿ ಫಲಕ ಹಾಕಿ, ಕ್ಯಾಮೆರಾಗೆ ಬೀಳದ ಕೆಲವು ಸೀಟುಗಳನ್ನೂ ಗುರುತು ಮಾಡಿಡಿ.

ಹಂತ 3: ತಾಲೀಮು ನೋಡಿ, ಕೈಯಲ್ಲಿ ಪೆನ್ನು ಹಿಡಿದು

ಗ್ರ್ಯಾಂಡ್ ರಿಹರ್ಸಲ್ ಕನಿಷ್ಠ ಒಂದನ್ನಾದರೂ ಕ್ಯಾಮೆರಾ ಇಲ್ಲದೆ ನೋಡಿ. ಸ್ಕ್ರಿಪ್ಟ್ ಇದ್ದರೆ ಅದರ ಅಂಚಿನಲ್ಲೇ ಗುರುತು ಹಾಕಿಕೊಳ್ಳಿ: ಎಲ್ಲಿ ಕತ್ತಲಾಗುತ್ತದೆ, ಎಲ್ಲಿ ಸದ್ದು ಜೋರಾಗುತ್ತದೆ, ಯಾರು ಸಭಾಂಗಣದ ಹಿಂದಿನಿಂದ ಬರುತ್ತಾರೆ, ಎಲ್ಲಿ ಹೊಗೆ ಬಿಡುತ್ತಾರೆ. ಹೊಗೆ ಬಂದಾಗ ಆಟೋಫೋಕಸ್ ಹುಚ್ಚೆದ್ದು ಓಡಾಡುತ್ತದೆ. ಸ್ಟ್ರೋಬ್ (ಪಟಪಟ ಮಿನುಗುವ) ಬೆಳಕು ಬಂದರೆ ಚಿತ್ರದಲ್ಲಿ ಅರ್ಧ ಫ್ರೇಮ್ ಬಿಳುಪಾಗುತ್ತದೆ. ಇದೆಲ್ಲ ಮೊದಲೇ ಗೊತ್ತಿರಬೇಕು.

ಎರಡನೇ ರಿಹರ್ಸಲ್ ಇದ್ದರೆ ಪರೀಕ್ಷೆಗೆಂದು ರೆಕಾರ್ಡ್ ಮಾಡಿ. ಒಂದಕ್ಕಿಂತ ಹೆಚ್ಚು ಪ್ರದರ್ಶನ ಇದ್ದರೆ ಬೇರೆ ಬೇರೆ ದಿನ ಬೇರೆ ಬೇರೆ ಕೆಲಸ ಹಚ್ಚಿಕೊಳ್ಳಬಹುದು: ಒಂದು ದಿನ ವೈಡ್, ಇನ್ನೊಂದು ದಿನ ಹತ್ತಿರದ ಚಿತ್ರಗಳು. ಆದರೆ ಎರಡು ದಿನದ ಚಿತ್ರಗಳನ್ನು ಬೆರೆಸಿ ಒಂದು ಎಡಿಟ್ ಮಾಡಿದರೆ ಅದನ್ನು ಸ್ಪಷ್ಟವಾಗಿ ಬರೆದಿಡಿ. ಇವ್ ಕ್ಲೈನ್ ಎಂಬ ಕಲಾವಿದ ಗೋಡೆಯ ಮೇಲಿಂದ ಬೀದಿಗೆ ಹಾರುವ 1960ರ ಪ್ರಸಿದ್ಧ ಫೋಟೋ ನೋಡಿರಬಹುದು. ಕೆಳಗೆ ಗೆಳೆಯರು ದಪ್ಪ ಬಟ್ಟೆ ಹಿಡಿದು ನಿಂತಿದ್ದರು. ಫೋಟೋ ತೆಗೆದ ಹ್ಯಾರಿ ಶುಂಕ್ ಮತ್ತು ಯಾನೋಸ್ ಕೆಂಡರ್ ಖಾಲಿ ಬೀದಿಯ ಇನ್ನೊಂದು ಚಿತ್ರವನ್ನು ಅದಕ್ಕೆ ಜೋಡಿಸಿ, ಹಿಡಿದವರನ್ನು ಮಾಯ ಮಾಡಿದರು. ಕಲೆಯಾಗಿ ಅದು ಸೊಗಸು. ದಾಖಲೆಯಾಗಿ ನೋಡುವವರಿಗೆ ಮಾತ್ರ ಜೋಡಣೆಯ ವಿಷಯ ಗೊತ್ತಿರಬೇಕು, ಅಲ್ವಾ?

ಹಂತ 4: ಕ್ಯಾಮೆರಾ ಎಲ್ಲಿಡಬೇಕು, ಹೇಗಿಡಬೇಕು

ವೈಡ್ ಕ್ಯಾಮೆರಾ ರಂಗದ ನಡುಗೆರೆಯಲ್ಲಿ, ಕೂತ ಪ್ರೇಕ್ಷಕರ ತಲೆಗಿಂತ ಸ್ವಲ್ಪ ಮೇಲೆ ಇರಲಿ. ನೃತ್ಯವಾದರೆ ಇನ್ನೂ ಎತ್ತರ ಬೇಕು. ನೆಲದ ಮೇಲಿನ ವಿನ್ಯಾಸ ಮೇಲಿನಿಂದ ಮಾತ್ರ ಓದಲು ಸಿಗುತ್ತದೆ. ರಂಗದ ಎರಡೂ ಅಂಚು, ನೆಲ, ಅತಿ ಎತ್ತರದ ಸಜ್ಜಿಕೆ ಎಲ್ಲವೂ ಫ್ರೇಮ್ ಒಳಗೆ ಬರಲಿ. ನಂತರ ಅದನ್ನು ಮುಟ್ಟಬೇಡಿ. ಪ್ಯಾನ್ ಬೇಡ, ಝೂಮ್ ಬೇಡ. ನೋಡುವುದಕ್ಕೆ ಬೇಸರ ತರುವ ಶಾಟ್ ಇದು. ಬೇಸರವೇ ಅದರ ಬೆಲೆ: ಯಾವುದನ್ನು ನೋಡಬೇಕು ಅಂತ ಆರಿಸುವ ಕೆಲಸವನ್ನು ಅದು ನೋಡುವವರಿಗೇ ಬಿಡುತ್ತದೆ.

ಎರಡನೇ ಕ್ಯಾಮೆರಾ ಇದ್ದರೆ ಅದರ ಹಿಂದೆ ನಾಟಕ ಬಲ್ಲವರೊಬ್ಬರು ನಿಲ್ಲಲಿ. ಮುಂದಿನ ಮಾತು ಯಾರದು ಅಂತ ಗೊತ್ತಿರುವವರಿಗೆ ಮಾತ್ರ ಸರಿಯಾದ ಹೊತ್ತಿಗೆ ಸರಿಯಾದ ಮುಖ ಸಿಗುತ್ತದೆ. ಇಬ್ಬರು ಮೂವರು ಸೇರುವ ಮಧ್ಯಮ ಶಾಟ್‌ಗಳಿಗೆ ಜಾಸ್ತಿ ಒತ್ತು ಕೊಡಿ. ರಂಗದಲ್ಲಿ ಮಾತನಾಡುವವರಷ್ಟೇ ಮುಖ್ಯ ಕೇಳಿಸಿಕೊಳ್ಳುವವರು.

ಮರದ ಹಲಗೆಯ ನೆಲದಲ್ಲಿ ಜನ ಓಡಾಡಿದರೆ ಟ್ರೈಪಾಡ್ ನಡುಗುತ್ತದೆ. ನಡೆದಾಡುವ ದಾರಿಯಿಂದ ದೂರ ಇಡಿ. ಕ್ಯಾಮೆರಾದ ಬೀಪ್ ಸದ್ದು ನಿಲ್ಲಿಸಿ, ಕೆಂಪು ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿ, ಪರದೆಯ ಬೆಳಕು ತಗ್ಗಿಸಿ. ಹಿಂದಿನ ಸಾಲಿನವರೂ ನೋಡುವುದಕ್ಕೇ ಬಂದಿರುತ್ತಾರೆ.

ಹಂತ 5: ಬೆಳಕಿನ ಜೊತೆ ಹೊಂದಾಣಿಕೆ

ಲೈವ್ ಪ್ರದರ್ಶನದ ರೆಕಾರ್ಡಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ. ರಂಗದ ಬೆಳಕನ್ನು ಕಣ್ಣಿಗಾಗಿ ಮಾಡಿರುತ್ತಾರೆ, ಕ್ಯಾಮೆರಾಗಲ್ಲ. ಕಪ್ಪು ಪರದೆಯ ಮುಂದೆ ಒಂದು ಸ್ಪಾಟ್‌ನಲ್ಲಿ ನಟ ನಿಂತಿದ್ದಾನೆ. ಆಟೋ ಎಕ್ಸ್‌ಪೋಷರ್‌ನಲ್ಲಿದ್ದರೆ ಕ್ಯಾಮೆರಾಗೆ ಕಾಣುವುದು ಬಹುಪಾಲು ಕತ್ತಲೆ. ಅದು ಎಲ್ಲವನ್ನೂ ಬೆಳಗಿಸಲು ಹೋಗಿ, ನಟನ ಮುಖದ ಜಾಗದಲ್ಲಿ ಕಣ್ಣು ಮೂಗಿಲ್ಲದ ಬಿಳಿ ಮಚ್ಚೆ ಉಳಿಸುತ್ತದೆ. ಹಾಗೆ ಸುಟ್ಟುಹೋದ ಬಿಳುಪಿನಲ್ಲಿ ಆಮೇಲೆ ಯಾವ ಸಾಫ್ಟ್‌ವೇರ್‌ಗೂ ಮುಖ ಸಿಗುವುದಿಲ್ಲ. ಕತ್ತಲಾಗಿದ್ದನ್ನಾದರೆ ಸ್ವಲ್ಪ ಎತ್ತಬಹುದು.

ಆದ್ದರಿಂದ ಎಲ್ಲವೂ ಮ್ಯಾನುಯಲ್. ಬೆಳಕಿನ ಆಪರೇಟರ್ ಹತ್ತಿರ ಹೋಗಿ, ಇಡೀ ಪ್ರದರ್ಶನದ ಅತಿ ಪ್ರಕಾಶಮಾನ ಕ್ಯೂ (ಮೊದಲೇ ಗೊತ್ತು ಮಾಡಿಟ್ಟ ಬೆಳಕಿನ ಬದಲಾವಣೆ) ಹಾಕಿಸಿ, ಅಲ್ಲಿ ಯಾರನ್ನಾದರೂ ನಿಲ್ಲಿಸಿ. ಅವರ ಹಣೆ, ಕೆನ್ನೆ ಸುಡದ ಹಾಗೆ ಎಕ್ಸ್‌ಪೋಷರ್ ಇಡಿ. ಕ್ಯಾಮೆರಾದಲ್ಲಿ ಝೀಬ್ರಾ (ಅತಿ ಬೆಳಕಾದ ಕಡೆ ಪರದೆಯಲ್ಲಿ ಪಟ್ಟೆ ತೋರಿಸುವ ಸೌಲಭ್ಯ) ಇದ್ದರೆ 95 ಶೇಕಡಕ್ಕೆ ಇಟ್ಟು ಮುಖದ ಮೇಲೆ ಪಟ್ಟೆ ಬರದಂತೆ ನೋಡಿಕೊಳ್ಳಿ. ಆಮೇಲೆ ಅತಿ ಮಂದ ಕ್ಯೂ ಹಾಕಿಸಿ ನೋಡಿ. ಏನೂ ಕಾಣುತ್ತಿಲ್ಲವಾದರೆ ಆ ದೃಶ್ಯಕ್ಕೆ ಐರಿಸ್ (ಲೆನ್ಸ್‌ನಲ್ಲಿ ಬೆಳಕು ಒಳಬಿಡುವ ಕಿಂಡಿ) ಎಷ್ಟು ತೆರೆಯಬೇಕು ಅಂತ ಬರೆದುಕೊಂಡು, ಕತ್ತಲಾಗುವ ಕ್ಷಣದಲ್ಲಿ ಕೈಯಿಂದ ಬದಲಿಸಿ. ಹಾಗಂತ ಕತ್ತಲೆಯನ್ನು ಬೆಳಕು ಮಾಡಬೇಡಿ. ವಿನ್ಯಾಸಕರು ಕತ್ತಲೆ ಬೇಕೆಂದೇ ಇಟ್ಟಿರುತ್ತಾರೆ.

ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಅಂತ ತಿಳಿಯಬೇಕು ಅನ್ನುವ ಸೆಟ್ಟಿಂಗ್) ಕೂಡ ಲಾಕ್ ಆಗಿರಲಿ. ಹಳೆಯ ಮಾದರಿಯ ಹ್ಯಾಲೋಜನ್ ದೀಪಗಳಿದ್ದರೆ 3200 ಕೆಲ್ವಿನ್ ಸರಿಹೋಗುತ್ತದೆ. ಎಲ್‌ಇಡಿ ಇದ್ದರೆ ಬಿಳಿ ಬೆಳಕು ಹಾಕಿಸಿ, ಬಿಳಿ ಕಾಗದ ಹಿಡಿದು ನೋಡಿ. ಆಟೋದಲ್ಲಿ ಬಿಟ್ಟರೆ, ನೀಲಿ ರಾತ್ರಿಯ ದೃಶ್ಯವನ್ನು ಕ್ಯಾಮೆರಾ ತಾನೇ "ಸರಿಪಡಿಸಿ" ಬೂದು ಮಾಡಿಬಿಡುತ್ತದೆ.

ಶಟರ್ ವಿಷಯದಲ್ಲಿ ಒಂದು ಸುಲಭ ಸೂತ್ರ: ವಿದ್ಯುತ್ 50 ಹರ್ಟ್ಜ್ ಇರುವ ಕಡೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. 60 ಹರ್ಟ್ಜ್ ಇರುವ ಕಡೆ 30 ಫ್ರೇಮ್, 1/60. ಇಷ್ಟಾದರೂ ಎಲ್‌ಇಡಿ ದೀಪ, ಪ್ರೊಜೆಕ್ಟರ್ ಇದ್ದರೆ ಚಿತ್ರದಲ್ಲಿ ಪಟ್ಟೆಗಳು ಓಡಬಹುದು. ಮಂದ ಬೆಳಕಿನಲ್ಲೂ ಪರೀಕ್ಷಿಸಿ, ಏಕೆಂದರೆ ಎಷ್ಟೋ ಎಲ್‌ಇಡಿಗಳು ತಗ್ಗಿಸಿದಾಗಲೇ ಮಿನುಗುವುದು. ಶಟರ್ ವೇಗವನ್ನು ಚೂರು ಚೂರೇ ಬದಲಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನು ಬಳಸಿ ಪಟ್ಟೆ ಮಾಯವಾಗುವ ಬಿಂದು ಹುಡುಕಿ.

ಫೋಕಸ್: ಆಟೋ ಬೇಡವೇ ಬೇಡ. ವಿಡಿಯೋ ಲೆನ್ಸ್ ಆದರೆ ರಂಗದ ಮಧ್ಯೆ ಇರುವ ವಸ್ತುವಿನ ಮೇಲೆ ಪೂರ್ತಿ ಝೂಮ್ ಮಾಡಿ ಫೋಕಸ್ ಹಿಡಿದು, ಆಮೇಲೆ ಹಿಂದಕ್ಕೆ ಬನ್ನಿ. ಫೋಟೋ ಕ್ಯಾಮೆರಾದ ಝೂಮ್ ಲೆನ್ಸ್‌ಗಳಲ್ಲಿ ಹೀಗೆ ಮಾಡಿದರೆ ಫೋಕಸ್ ಜಾರಬಹುದು. ಅಲ್ಲಿ ಮೊದಲು ಫ್ರೇಮ್ ಇಟ್ಟುಕೊಂಡು, ಪರದೆಯಲ್ಲಿ ಚಿತ್ರ ಹಿಗ್ಗಿಸಿ ನೋಡಿ ಫೋಕಸ್ ಮಾಡಿ.

ಹಂತ 6: ಧ್ವನಿ

ಚಿತ್ರ ಸ್ವಲ್ಪ ಕೆಟ್ಟರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎರಡು ನಿಮಿಷಕ್ಕೆ ನಿಲ್ಲಿಸಿಬಿಡುತ್ತಾರೆ. ಕ್ಯಾಮೆರಾದ ಮೈಕ್‌ಗೆ ಸಿಗುವುದು ನಟನ ಮಾತಿಗಿಂತ ಪಕ್ಕದವರ ಕೆಮ್ಮು.

ಸೌಂಡ್ ಮಿಕ್ಸರ್‌ನಿಂದ ನೇರ ಲೈನ್ ತೆಗೆದುಕೊಂಡರೆ ಎಲ್ಲ ಮುಗಿಯಿತು ಅನ್ನುವವರಿದ್ದಾರೆ. ಮುಗಿಯುವುದಿಲ್ಲ. ಮಿಕ್ಸರ್‌ನಲ್ಲಿ ಇರುವುದು ಮೈಕ್ ಇಟ್ಟದ್ದರ, ಇಲ್ಲವೇ ಅದಕ್ಕೆ ನೇರವಾಗಿ ಜೋಡಿಸಿದ್ದರ ಸದ್ದು ಮಾತ್ರ. ತಾನಾಗಿಯೇ ಜೋರಾಗಿ ಕೇಳುವ ವಾದ್ಯಕ್ಕೆ ಸಭಾಂಗಣದಲ್ಲಿ ಮೈಕ್ ಬೇಕಾಗಿರುವುದಿಲ್ಲ, ಹಾಗಾಗಿ ಆ ಲೈನ್‌ನಲ್ಲಿ ಅದು ಇರುವುದೇ ಇಲ್ಲ. ಹೆಜ್ಜೆ ಸದ್ದು, ನಗು, ಚಪ್ಪಾಳೆಯೂ ಇರುವುದಿಲ್ಲ. ಮೂರು ಮೂಲ ಬೇಕು: ಮಿಕ್ಸರ್ ಲೈನ್, ರಂಗದ ಅಂಚಿನಲ್ಲಿ ನೆಲಕ್ಕೆ ಅಂಟಿ ಕೂರುವ ಬೌಂಡರಿ ಮೈಕ್‌ಗಳು, ಸಭಾಂಗಣದ ವಾತಾವರಣ ಹಿಡಿಯಲು ಒಂದು ಸ್ಟೀರಿಯೋ ಜೋಡಿ. ಒಂದೊಂದನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇಡಿ. ಬೆರೆಸುವುದು ಆಮೇಲಿನ ಕೆಲಸ. ಮಿಕ್ಸರ್‌ನಿಂದ ಬರುವುದು ಲೈನ್ ಮಟ್ಟದ ಸಿಗ್ನಲ್. ರೆಕಾರ್ಡರ್ ಮೈಕ್ ಮಟ್ಟಕ್ಕೆ ಸೆಟ್ ಆಗಿದ್ದರೆ ಬರೀ ಕರ್ಕಶ ಸದ್ದು ಸಿಗುತ್ತದೆ.

48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ರಿಹರ್ಸಲ್‌ನಲ್ಲಿ ಅತಿ ಜೋರಿನ ಸದ್ದು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವ ಹಾಗೆ ಇಡಿ. ಪ್ರದರ್ಶನದ ದಿನ ನಟರು ರಿಹರ್ಸಲ್‌ಗಿಂತ ಜೋರಾಗಿಯೇ ಕೂಗುತ್ತಾರೆ, ಅದಕ್ಕೆ ಜಾಗ ಉಳಿದಿರಬೇಕು. 32 ಬಿಟ್ ಫ್ಲೋಟ್ ರೆಕಾರ್ಡರ್ (ಅತಿ ಜೋರು, ಅತಿ ಮೆಲ್ಲಗಿನ ಸದ್ದು ಎರಡಕ್ಕೂ ಜಾಗ ಇಡುವಂಥದ್ದು) ಇದ್ದರೆ ಈ ಚಿಂತೆ ಬಹಳ ಕಡಿಮೆ.

ಚಿತ್ರವನ್ನೂ ಧ್ವನಿಯನ್ನೂ ಆಮೇಲೆ ಹೊಂದಿಸಲು ಶುರುವಿನಲ್ಲೂ ಕೊನೆಯಲ್ಲೂ ಕ್ಯಾಮೆರಾಗೆ ಕಾಣುವ ಹಾಗೆ ಒಂದೊಂದು ಚಪ್ಪಾಳೆ ಬೇಕು. ಬೇರೆ ಬೇರೆ ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಎರಡು ಗಂಟೆಯ ಕೊನೆಗೆ ತುಟಿಗೂ ಮಾತಿಗೂ ಕೆಲವು ಫ್ರೇಮ್ ವ್ಯತ್ಯಾಸ ಬಂದಿರುತ್ತದೆ. ಇನ್ನೊಂದು ವಿಷಯ: ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಕ್ಯಾಮೆರಾ ರಂಗದಿಂದ 34 ಮೀಟರ್ ದೂರದಲ್ಲಿದ್ದರೆ ಅದರ ಮೈಕ್‌ಗೆ ಚಪ್ಪಾಳೆ ತಲುಪುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ, ಅಂದರೆ 25 ಫ್ರೇಮ್ ಲೆಕ್ಕದಲ್ಲಿ ಎರಡೂವರೆ ಫ್ರೇಮ್. ಆದ್ದರಿಂದ ರಂಗದ ಮೈಕ್‌ನ ಸದ್ದನ್ನು ಕ್ಯಾಮೆರಾದ ಸದ್ದಿಗೆ ಜೋಡಿಸಬೇಡಿ. ಚಿತ್ರದಲ್ಲಿ ಕೈಗಳು ಕೂಡುವ ಫ್ರೇಮ್‌ಗೇ ಜೋಡಿಸಿ.

ಹಂತ 7: ಪ್ರದರ್ಶನದ ದಿನ

ಜಾಗದ ಲೆಕ್ಕ ಮೊದಲು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಗಿಗಾಬೈಟ್ ಆಗುತ್ತದೆ. ಎರಡು ಗಂಟೆ, ಮೂರು ಕ್ಯಾಮೆರಾ ಅಂದರೆ 270. ಕೆಲವು ಫೋಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ನಿಮ್ಮದು ಅಂಥದ್ದಾ ನೋಡಿಕೊಳ್ಳಿ. ಸೆಖೆಗೆ ಬಿಸಿಯಾಗಿ ಆಫ್ ಆಗುವವೂ ಇವೆ. ಬ್ಯಾಟರಿ ನಂಬಬೇಡಿ, ಕರೆಂಟ್‌ಗೆ ಸಿಕ್ಕಿಸಿ.

ಬಾಗಿಲು ತೆರೆಯುವ ಮೊದಲೇ ರೆಕಾರ್ಡಿಂಗ್ ಶುರು ಮಾಡಿ. ಜನ ಬಂದು ಕೂರುವುದು, ಖಾಲಿ ರಂಗದ ಮೇಲಿನ ಬೆಳಕು, ಘೋಷಣೆ, ಎಲ್ಲವೂ ಪ್ರದರ್ಶನದ ಭಾಗವೇ. ಕೊನೆಯಲ್ಲೂ ಹಾಗೆಯೇ: ಚಪ್ಪಾಳೆ ನಿಂತು ಜನ ಏಳುವವರೆಗೂ ಓಡಲಿ.

ಒಬ್ಬರು ಸುಮ್ನೆ ಕೂತು ಲಾಗ್ ಬರೆಯಬೇಕು. ಉದ್ದ ಬೇಡ. ಹೀಗಿದ್ದರೆ ಸಾಕು:

7:42: ಮುದುಕನ ಊರುಗೋಲು ಕೈ ಜಾರಿ ಬಿತ್ತು. ನಟ ಎತ್ತಿಕೊಳ್ಳಲಿಲ್ಲ. ಸ್ಕ್ರಿಪ್ಟ್‌ನಲ್ಲಿ ಇಲ್ಲ.
7:55: ಪತ್ರ ಓದುವ ಕಡೆ ನಗು ಬಂತು. ನಿನ್ನೆ ಇಲ್ಲಿ ಯಾರೂ ನಕ್ಕಿರಲಿಲ್ಲ.
8:10: ಎಡಗಡೆಯ ಎರಡನೇ ದೀಪ ಕೆಟ್ಟಿದೆ. ಕೊನೆವರೆಗೂ ಹಾಗೇ.

ಎಡಗಡೆಯ ಆ ದೀಪದ ಬಗ್ಗೆ ಬರೆಯದೇ ಹೋದರೆ, ಇಪ್ಪತ್ತು ವರ್ಷದ ನಂತರ ಯಾರೋ ಅದನ್ನು "ನಿರ್ದೇಶಕರ ಉದ್ದೇಶಪೂರ್ವಕ ಅರ್ಧಕತ್ತಲೆ" ಅಂತ ಪ್ರಬಂಧ ಬರೆಯುತ್ತಾರೆ.

ಕೈಯಲ್ಲಿ ಫೋನ್ ಒಂದೇ ಇದ್ದರೂ ಕೆಲಸ ಆಗುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ, ಇಲ್ಲವಾದರೆ ಕರೆ ಬಂದು ರೆಕಾರ್ಡಿಂಗ್ ನಿಲ್ಲಬಹುದು. ಅಡ್ಡ ಹಿಡಿದು ಟ್ರೈಪಾಡ್‌ಗೆ ಸಿಕ್ಕಿಸಿ, ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ, ಡಿಜಿಟಲ್ ಝೂಮ್ ಮುಟ್ಟಬೇಡಿ, ಪವರ್ ಬ್ಯಾಂಕ್ ಜೋಡಿಸಿಡಿ. ಇನ್ನೊಂದು ಫೋನನ್ನು ರಂಗದ ಹತ್ತಿರ ಇಟ್ಟು ಧ್ವನಿಗೆ ಬಳಸಿ.

ಹಂತ 8: ವಿಡಿಯೋದಲ್ಲಿ ಇಲ್ಲದ್ದು

ಇದಕ್ಕೆ ಜಾಸ್ತಿ ಸಮಯ ಕೊಡಿ. ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ 2009ರಲ್ಲಿ ತೀರಿಕೊಂಡ ಮೇಲೆ ಅವರ ನೃತ್ಯ ತಂಡ 2011ರ ಕೊನೆಯ ದಿನ ಕೊನೆಯ ಪ್ರದರ್ಶನ ಕೊಟ್ಟು ಮುಚ್ಚಿತು. ಅವರ ಕೃತಿಗಳನ್ನು ಮುಂದಿನವರಿಗೆ ದಾಟಿಸಲು ಒಂದೊಂದು ನೃತ್ಯಕ್ಕೂ ಒಂದೊಂದು ಡಿಜಿಟಲ್ ಸಂಪುಟ ಮಾಡಿದರು. ಅದರಲ್ಲಿ ವಿಡಿಯೋ ಒಂದು ಭಾಗ ಅಷ್ಟೇ. ಜೊತೆಗೆ ನೃತ್ಯ ಸಂಯೋಜಕರ ಟಿಪ್ಪಣಿ, ಧ್ವನಿ, ಬೆಳಕಿನ ನಕ್ಷೆ, ರಂಗಸಜ್ಜಿಕೆ ಮತ್ತು ವೇಷಭೂಷಣದ ವಿವರ.

ನೀವೂ ಇದೇ ದಾರಿ ಹಿಡಿಯಿರಿ. ರಂಗ ನಿರ್ವಾಹಕರ ಕ್ಯೂ ಬರೆದ ಸ್ಕ್ರಿಪ್ಟ್ ಅನ್ನು ಕೈಬರಹ ಸಮೇತ ಸ್ಕ್ಯಾನ್ ಮಾಡಿ. ಬೆಳಕಿನ ಬೋರ್ಡ್‌ನ ಷೋ ಫೈಲ್ ಕಾಪಿ ಮಾಡಿಕೊಳ್ಳಿ, ಅದರ ಜೊತೆ ಕ್ಯೂ ಪಟ್ಟಿಯನ್ನು ಪಿಡಿಎಫ್ ಆಗಿಯೂ ತೆಗೆದಿಡಿ. ಆ ಬೋರ್ಡ್‌ನ ಮಾದರಿ ಮಾರುಕಟ್ಟೆಯಿಂದ ಹೋದ ಮೇಲೆ ಷೋ ಫೈಲ್ ತೆರೆಯುವುದೇ ಇಲ್ಲ. ಪ್ರತಿ ಉಡುಪನ್ನು ಮುಂದೆ, ಹಿಂದೆ, ಅಳತೆಪಟ್ಟಿ ಜೊತೆ ಫೋಟೋ ತೆಗೆಯಿರಿ. ಪ್ರಸಾಧನ ಮಾಡಿಕೊಳ್ಳುವುದನ್ನು ಒಮ್ಮೆ ಪೂರ್ತಿ ಚಿತ್ರೀಕರಿಸಿ. ಆಮಂತ್ರಣ, ಕರಪತ್ರ, ಕೈಬಿಟ್ಟ ದೃಶ್ಯಗಳ ಕರಡು, ತಂಡದ ಮೆಸೇಜ್‌ಗಳಲ್ಲಿ ತಂಡ ಒಪ್ಪಿದಷ್ಟು, ಎಲ್ಲ ಒಂದೇ ಫೋಲ್ಡರ್‌ಗೆ ಬರಲಿ.

ಮಾತುಕತೆಯನ್ನು ವಾರದೊಳಗೆ ರೆಕಾರ್ಡ್ ಮಾಡಿ. "ಹೇಗನ್ನಿಸಿತು?" ಅಂತ ಕೇಳಿದರೆ "ತುಂಬಾ ಖುಷಿಯಾಯಿತು" ಅನ್ನುವ ಉತ್ತರ ಬರುತ್ತದೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ವೈಡ್ ಶಾಟ್ ಹಾಕಿ, ನಟರನ್ನು ಪಕ್ಕದಲ್ಲಿ ಕೂರಿಸಿ, ಒಂದು ಕಡೆ ನಿಲ್ಲಿಸಿ ಕೇಳಿ: "ಇಲ್ಲಿ ನಾಲ್ಕು ಹೆಜ್ಜೆ ಹಿಂದೆ ಹೋದಿರಲ್ಲ, ಯಾಕೆ?" "ಎದುರಿನವರು ಆ ಮಾತು ಬಿಟ್ಟುಬಿಟ್ಟರು, ಕ್ಯೂ ಸಿಗಲಿಲ್ಲ, ಅದಕ್ಕೇ" ಅನ್ನಬಹುದು. ಅಥವಾ ಆ ನಾಲ್ಕು ಹೆಜ್ಜೆಯ ಹಿಂದೆ ಮೂರು ವಾರದ ತಾಲೀಮು ಇರಬಹುದು. ವಿಡಿಯೋ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಪ್ರೇಕ್ಷಕರಲ್ಲಿ ಕೆಲವರನ್ನೂ ಮಾತನಾಡಿಸಿ, ಸಾಧ್ಯವಾದರೆ ಒಂದು ತಿಂಗಳ ನಂತರ. ಆಗ ಅವರಿಗೆ ಏನು ನೆನಪಿದೆ ಅನ್ನುವುದೇ ಒಂದು ದಾಖಲೆ.

ರೆಕಾರ್ಡ್ ಆದ ಕೂಡಲೇ ಪ್ರದರ್ಶನ ಬೇರೇನೋ ಆಗಿಬಿಡುತ್ತದೆ ಅಂತ ಪ್ರದರ್ಶನ ಕಲೆಯ ವಿದ್ವಾಂಸೆ ಪೆಗ್ಗಿ ಫೆಲಾನ್ 1993ರಲ್ಲಿ ವಾದಿಸಿದರು. ಲೈವ್ ಎಂಬ ಕಲ್ಪನೆ ಹುಟ್ಟಿದ್ದೇ ರೆಕಾರ್ಡಿಂಗ್ ಬಂದ ಮೇಲೆ ಅಂತ ಇನ್ನೊಬ್ಬ ವಿದ್ವಾಂಸ ಫಿಲಿಪ್ ಆಸ್‌ಲ್ಯಾಂಡರ್ 1999ರಲ್ಲಿ ಎದುರುವಾದ ಹೂಡಿದರು. ಕ್ಯಾಮೆರಾ ಹಿಡಿದವರು ಈ ಜಗಳ ತೀರುವವರೆಗೆ ಕಾಯಬೇಕಿಲ್ಲ. ಆದರೆ ಫೆಲಾನ್ ಮಾತು ನೆನಪಿದ್ದರೆ ವಿಡಿಯೋ ಒಂದನ್ನೇ ನಂಬಿ ಕೂರುವ ಚಾಳಿ ತಪ್ಪುತ್ತದೆ.

ಹಂತ 9: ಕೃತಿಯೇ ಡಿಜಿಟಲ್ ಆಗಿದ್ದರೆ

ರಂಗದಲ್ಲಿ ಸೆನ್ಸರ್, ಕೋಡ್, ಪ್ರೊಜೆಕ್ಷನ್ ಇದ್ದರೆ ಸಾಫ್ಟ್‌ವೇರ್ ಹೆಸರು, ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಯಾವ ಕೇಬಲ್ ಎಲ್ಲಿಗೆ ಅನ್ನುವ ನಕ್ಷೆ, ಎಲ್ಲ ಬರೆದಿಡಿ. ಪ್ರೊಜೆಕ್ಟ್ ಆದ ಮೂಲ ಫೈಲ್‌ಗಳನ್ನೂ ಕೇಳಿ ಪಡೆಯಿರಿ. ಪರದೆಯ ಮೇಲಿಂದ ಕ್ಯಾಮೆರಾ ಹಿಡಿದ ಚಿತ್ರ ಅದಕ್ಕೆ ಸಾಟಿಯಲ್ಲ.

ಆನ್‌ಲೈನ್‌ನಲ್ಲೇ ನಡೆಯುವ ಪ್ರದರ್ಶನವಾದರೆ ಆಯೋಜಕರ ಕಡೆಯಿಂದ ಒಂದು, ಸಾಮಾನ್ಯ ಪ್ರೇಕ್ಷಕರ ಕಂಪ್ಯೂಟರ್‌ನಿಂದ ಇನ್ನೊಂದು ರೆಕಾರ್ಡಿಂಗ್ ಬೇಕು. ಇಬ್ಬರಿಗೆ ಕಾಣುವುದು ಬೇರೆ ಬೇರೆ. ಚಾಟ್ ಅನ್ನು ಅನುಮತಿ ಪಡೆದು, ಹೆಸರು ತೆಗೆದು ಉಳಿಸಿ.

ಪ್ರೇಕ್ಷಕರು ಕೋಣೆಯಿಂದ ಕೋಣೆಗೆ ನಡೆದಾಡುವಂಥ ಪ್ರದರ್ಶನಗಳಲ್ಲಿ ಪ್ರತಿ ಕೋಣೆಯಲ್ಲೂ ಒಂದು ಸ್ಥಿರ ಕ್ಯಾಮೆರಾ ಇಟ್ಟು, ಒಬ್ಬ ಪ್ರೇಕ್ಷಕರ ಹಿಂದೆ ಇನ್ನೊಂದನ್ನು ಕಳಿಸಿ. 360 ಡಿಗ್ರಿ ಕ್ಯಾಮೆರಾಗೆ ಬೆಲೆ ಬರುವುದು ಇಂಥ ಕಡೆಯೇ. ಎದುರಿಗೆ ಕೂತು ನೋಡುವ ನಾಟಕಕ್ಕೆ ಅದು ಸುಮ್ನೆ ದಂಡ. ಮೋಷನ್ ಕ್ಯಾಪ್ಚರ್ ಕೀಲುಗಳ ಚಲನೆಯನ್ನು ಬಹಳ ನಿಖರವಾಗಿ ಹಿಡಿಯುತ್ತದೆ, ಆದರೆ ಸಾಮಾನ್ಯವಾಗಿ ಬಟ್ಟೆಯ ಬೀಸು, ಕಣ್ಣೋಟ ಅದರಲ್ಲಿ ಸಿಗುವುದಿಲ್ಲ. ವಿಡಿಯೋ ಜೊತೆಗೆ ಇದ್ದರೆ ಮಾತ್ರ ಬಳಸಿ.

ಹಂತ 10: ಫೈಲ್‌ಗಳು, ಹೆಸರುಗಳು, ಪ್ರತಿಗಳು

ಆ ರಾತ್ರಿಯೇ ಎರಡು ಪ್ರತಿ ಮಾಡಿ. ಎರಡೂ ತೆರೆದು, ಶುರು, ಮಧ್ಯ, ಕೊನೆ ನೋಡುವವರೆಗೆ ಕಾರ್ಡ್ ಅಳಿಸಬೇಡಿ. ಎಲ್ಲ ಮುಗಿದ ಮೇಲೆ ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಇರಲಿ. ಯೂಟ್ಯೂಬ್‌ಗೆ ಹಾಕಿದ್ದು ಪ್ರತಿ ಅಲ್ಲ. ಅಲ್ಲಿ ಫೈಲ್ ಮತ್ತೆ ಕುಗ್ಗುತ್ತದೆ, ಖಾತೆ ಹೋದರೆ ಅದೂ ಹೋಗುತ್ತದೆ.

ಪ್ರತಿ ಫೈಲ್‌ಗೂ ಚೆಕ್‌ಸಮ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿ ಬರುವ ಒಂದು ಸಂಖ್ಯೆ) ತೆಗೆದು ಒಂದು ಪಠ್ಯ ಫೈಲ್‌ನಲ್ಲಿ ಇಡಿ. ಫೈಲ್‌ನ ಒಂದೇ ಒಂದು ಬಿಟ್ ಕೆಟ್ಟರೂ ಆ ಸಂಖ್ಯೆ ಬದಲಾಗುತ್ತದೆ, ಕೆಟ್ಟದ್ದು ಗೊತ್ತಾಗುತ್ತದೆ. ಇದಕ್ಕೆ ಉಚಿತ ಸಾಫ್ಟ್‌ವೇರ್ ಬೇಕಾದಷ್ಟಿವೆ.

ಫೈಲ್ ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ. ಆಮೇಲೆ ಕೃತಿಯ ಹೆಸರು, ಕ್ಯಾಮೆರಾ, ಕ್ರಮಸಂಖ್ಯೆ. ಹೀಗಿದ್ದರೆ ತಾವೇ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ. ಖಾಲಿ ಜಾಗ ಬಿಡಬೇಡಿ, ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ. ಹಳೆಯ ಕೆಲವು ಸಾಫ್ಟ್‌ವೇರ್‌ಗಳು ಬೇರೆ ಲಿಪಿ ಕಂಡರೆ ತಡವರಿಸುತ್ತವೆ. "ಫೈನಲ್", "ಫೈನಲ್ ಹೊಸದು", "ನಿಜವಾದ ಫೈನಲ್" ಎಂಬ ಮೂರು ಫೈಲ್ ಯಾವ ಸಂಗ್ರಹದಲ್ಲಿ ಇಲ್ಲ ಹೇಳಿ.

ಮೂಲ ರೆಕಾರ್ಡಿಂಗ್ ಹೇಗಿತ್ತೋ ಹಾಗೇ ಇಡಿ. ಎಡಿಟ್ ಮಾಡಿದ್ದನ್ನು ದೊಡ್ಡ ಗುಣಮಟ್ಟದಲ್ಲಿ ಪ್ರೋರೆಸ್ ಅಥವಾ ಎಫ್‌ಎಫ್‌ವಿ1 ಎಂಬ ವಿಡಿಯೋ ಮಾದರಿಯಲ್ಲಿ ಉಳಿಸಿ. ಎಫ್‌ಎಫ್‌ವಿ1 ಏನನ್ನೂ ಕಳೆಯದೆ ಕುಗ್ಗಿಸುತ್ತದೆ, ಅದರ ವಿವರಣೆ ಎಲ್ಲರಿಗೂ ಮುಕ್ತ. ಅದಕ್ಕೇ ಹಲವು ಸಂಗ್ರಹಾಲಯಗಳು ಅದನ್ನು ಮೆಚ್ಚುತ್ತವೆ. ನೋಡುವುದಕ್ಕೆ, ಹಂಚುವುದಕ್ಕೆ ಎಚ್.264 ಎಂಪಿ4 ಸಾಕು. ಉಪಶೀರ್ಷಿಕೆಯನ್ನು ಚಿತ್ರದ ಮೇಲೆ ಸುಡದೆ ಬೇರೆ ಎಸ್‌ಆರ್‌ಟಿ (ಬರೀ ಪಠ್ಯ ಇರುವ) ಫೈಲ್ ಆಗಿ ಇಡಿ, ತಿದ್ದಬಹುದು, ಹುಡುಕಬಹುದು.

ಪ್ರತಿ ಫೋಲ್ಡರ್‌ನಲ್ಲೂ ಒಂದು ಸಾದಾ ಪಠ್ಯ ಫೈಲ್ ಇರಲಿ. ಕೃತಿ, ಸ್ಥಳ, ತಾರೀಖು, ಎಷ್ಟನೇ ಪ್ರದರ್ಶನ, ಅವಧಿ, ಭಾಷೆ, ಯಾರ್ಯಾರು ಯಾವ ಪಾತ್ರ, ತೆರೆಮರೆಯವರ ಹೆಸರು, ಚಿತ್ರೀಕರಿಸಿದವರು, ಕ್ಯಾಮೆರಾ ಇದ್ದ ಜಾಗ, ಯಾರಿಗೆ ತೋರಿಸಲು ಒಪ್ಪಿಗೆ ಇದೆ. ಇದರ ಜೊತೆ "ಇದರಲ್ಲಿ ಏನಿಲ್ಲ" ಅಂತ ಒಂದು ಸಾಲು: ಎರಡನೇ ಅಂಕದ ಮೊದಲ ನಾಲ್ಕು ನಿಮಿಷ ಕ್ಯಾಮೆರಾ ಎರಡರಲ್ಲಿ ಇಲ್ಲ, ಎಡಬದಿಯ ಬಾಲ್ಕನಿ ಫ್ರೇಮ್ ಹೊರಗಿದೆ, ಹೀಗೆ.

ಕಲಾವಿದರಿಗೆಲ್ಲ ನೋಡುವ ಪ್ರತಿ ಕಳಿಸಿ. ಕೊಡುತ್ತೇವೆ ಅಂದು ಮರೆಯುವುದು ಈ ಕ್ಷೇತ್ರದ ಹಳೇ ಕಾಯಿಲೆ. ಆಮೇಲೆ ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಂಡು ಡಿಸ್ಕ್‌ಗಳನ್ನು ತೆರೆಯಿರಿ, ಚೆಕ್‌ಸಮ್ ಓಡಿಸಿ, ಕೆಟ್ಟ ಪ್ರತಿ ಇದ್ದರೆ ಚೆನ್ನಾಗಿರುವುದರಿಂದ ಬದಲಿಸಿ. ಐದಾರು ವರ್ಷವಾದ ಡಿಸ್ಕ್ ಇನ್ನೂ ಓಡುತ್ತಿದ್ದರೂ ಹೊಸದಕ್ಕೆ ಕಾಪಿ ಮಾಡಿಬಿಡಿ. ಡಿಸ್ಕ್ ಎಲ್ಲಿದೆ, ಪಾಸ್‌ವರ್ಡ್ ಏನು ಅನ್ನುವುದು ತಂಡದಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಲಿ.